ಎದುರು ಕುರ್ಚಿಯ ದನಿ

“ಬೆಕ್ಕು ಅಲ್ಪ ನಾಯಿ ಅಲ್ಪ ಹಸು ಅಲ್ಪ ಇವೆಲ್ಲ ನಾಮಪದಗಳು ಪೂರ್ಣ. ಹೊಸ ಪ್ಯಾರಾ.”

ಕೆಲವು ತಿಂಗಳ ಹಿಂದಿನ ಒಂದು ದಿನ, ಬೆಳಗಿನ ಐದೂವರೆ. ಅಚ್ಚುಮನೆಯ ಹಿಂಬದಿಯ ಕೋಣೆಯಲ್ಲಿ ಒಂದೇ ದೀಪ. ಐವತ್ತೆರಡರ ಹೆಂಗಸೊಬ್ಬರು ಮೇಜಿನ ಮುಂದೆ ಕೂತು ಗಟ್ಟಿಯಾಗಿ ಓದುತ್ತಿದ್ದಾರೆ. ಎಡಗೈ ಬೆರಳು ಮೂಲಪ್ರತಿಯ ಮೇಲೆ, ಬಲಗೈಯ ಕೆಂಪು ಪೆನ್ಸಿಲ್ ಕರಡಿನ ಮೇಲೆ. ಅಲ್ಪ ಎಂದರೆ ಅಲ್ಪವಿರಾಮ, ಪೂರ್ಣ ಎಂದರೆ ಪೂರ್ಣವಿರಾಮ. ಪುಟದಲ್ಲಿ ಇರುವ ಒಂದು ಚುಕ್ಕೆಯೂ ಬಾಯಿಗೆ ಬಾರದೆ ಹೋಗುವಂತಿಲ್ಲ. ಮೇಜಿನ ಆಚೆ ಇನ್ನೊಂದು ಕುರ್ಚಿಯಿದೆ. ಅದರಲ್ಲಿ ಯಾರೂ ಇಲ್ಲ.

ಅಚ್ಚುಮನೆಯಲ್ಲಿ ಇವರನ್ನು ಎಲ್ಲರೂ ಕಣ್ಣಕ್ಕ ಎನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುವುದೇ ಕೆಲಸ. ಎಂಟು ಗಂಟೆಗೆ ಪಕ್ಕದ ಕೋಣೆಯಲ್ಲಿ ಯಂತ್ರ ಶುರುವಾದರೆ ಪಕ್ಕದವರ ಮಾತು ಪಕ್ಕದವರಿಗೆ ಕೇಳದು. ಅದಕ್ಕೇ ಓದುವ ಕೆಲಸವೆಲ್ಲ ಬೆಳಗಾಗುವ ಮೊದಲೇ ಮುಗಿಯಬೇಕು. ಎರಡೂವರೆ ತಾಸಿಗೆ ಮೂವತ್ತೆರಡು ಪುಟ. ಮಕ್ಕಳ ಈ ವ್ಯಾಕರಣ ಪುಸ್ತಕವನ್ನು ಅವರು ತಿದ್ದುತ್ತಿರುವುದು ಇದು ಎಂಟನೇ ಸಲ.

ಕಣ್ಣಿದ್ದ ಮೇಲೆ ಬಾಯಿಯೂ ಇತ್ತು. ಎದುರು ಕುರ್ಚಿಯಲ್ಲಿ ಕೂತು ಮೂಲಪ್ರತಿಯನ್ನು ಓದಿ ಹೇಳುತ್ತಿದ್ದವರು ಬಾಯಕ್ಕ, ಇವರಿಗಿಂತ ಒಂಬತ್ತು ವರ್ಷಕ್ಕೆ ಹಿರಿಯರು. ಬಾಯಕ್ಕ ಓದುವುದು, ಕಣ್ಣಕ್ಕ ಕರಡು ನೋಡುವುದು. ಹೋದ ವರ್ಷ ಬಾಯಕ್ಕನ ಗಂಟಲಲ್ಲಿ ಗಂಟು ಕಾಣಿಸಿತು. ಶಸ್ತ್ರಚಿಕಿತ್ಸೆಯಲ್ಲಿ ಜೀವ ಉಳಿಯಿತು, ದನಿ ಹೋಯಿತು. ಅಂದಿನಿಂದ ಆ ಅಡ್ಡಹೆಸರನ್ನು ಅಚ್ಚುಮನೆಯಲ್ಲಿ ಕಣ್ಣಕ್ಕ ಬಿಟ್ಟು ಬೇರೆ ಯಾರೂ ಎತ್ತುವುದಿಲ್ಲ.

ಅವರ ಜಾಗಕ್ಕೆ ಇಬ್ಬರು ಹುಡುಗಿಯರು ಬಂದು ಹೋದರು. “ಒಬ್ಬಳು ನಾಟಕದ ಹಾಗೆ ಓದೋಳು, ಇನ್ನೊಬ್ಬಳು ತಪ್ಪಿದ್ರೆ ಅವಳೇ ಸರಿಮಾಡಿ ಓದೋಳು,” ಎನ್ನುತ್ತಾರೆ ಕಣ್ಣಕ್ಕ. “ನಮ್ಮ ಕೆಲಸದಲ್ಲಿ ಅರ್ಥ ಮಾಡ್ಕೊಂಡು ಓದಿದ್ರೆ ಕೆಟ್ಟಿತು. ಇದ್ದದ್ದು ಇದ್ದ ಹಾಗೆ ಬರ್ಬೇಕು. ಅದು ಬಾಯಕ್ಕಂಗೆ ಮಾತ್ರ ಗೊತ್ತಿತ್ತು.”

ಕಣ್ಣಕ್ಕ ಇರುವುದು ಅಣ್ಣನ ಮನೆಯ ಮಹಡಿಯ ಒಂಟಿ ಕೋಣೆಯಲ್ಲಿ. ಒಂದು ಮಂಚ, ಒಂದು ಕಿಟಕಿ, ಕಿಟಕಿಗೆ ಎದುರು ಮನೆಯ ಗೋಡೆ. ಅತ್ತಿಗೆ ಕೆಟ್ಟವರಲ್ಲ, ನಾಲಿಗೆ ಮಾತ್ರ ಸ್ವಲ್ಪ ಹರಿತ. “ಮನೇಲಿ ಕೇಳಿದ್ರೆ ಹೂಂ ಉಹೂಂ ಅಷ್ಟೇ. ಅಲ್ಲಿ ಹೋಗಿ ಕುರ್ಚಿ ಜತೆ ಮಾತಾಡ್ತಾಳಂತೆ ನಮ್ಮ ನಾದಿನಿ,” ಎಂದು ಬಂದವರ ಮುಂದೆ ನಗುತ್ತಾರೆ. ಕಣ್ಣಕ್ಕನೂ ನಗುತ್ತಾರೆ. ಒಮ್ಮೆ ಅಂಗಡಿಯಲ್ಲಿ “ಸೋಪು ಅಲ್ಪ ಬೆಂಕಿಪೊಟ್ಟಣ ಅಲ್ಪ” ಎಂದುಬಿಟ್ಟಿದ್ದರಂತೆ. “ಅಲ್ಪಸ್ವಲ್ಪ ಯಾಕಕ್ಕ, ಪೂರ್ತಿನೇ ತಗೊಂಡು ಹೋಗಿ” ಎಂದನಂತೆ ಅಂಗಡಿಯವನು. ಆ ದಿನ ಅದನ್ನು ಹೇಳಿಕೊಂಡು ನಗಲು ಬಾಯಕ್ಕ ಇದ್ದರು.

ಒಬ್ಬರೇ ಓದಿ ಒಬ್ಬರೇ ನೋಡುವ ಕೆಲಸ ಐದು ತಿಂಗಳು ಹೇಗೋ ನಡೆಯಿತು. ಆಮೇಲೆ ಆಗಬಾರದ್ದು ಆಯಿತು. ಅದೇ ವ್ಯಾಕರಣ ಪುಸ್ತಕದ ಅಭ್ಯಾಸವೊಂದರಲ್ಲಿ ‘ಕೆಳಗಿನ ಐದು ವಾಕ್ಯಗಳ ಕ್ರಿಯಾಪದ ಗುರುತಿಸಿ’ ಎಂದಿತ್ತು, ವಾಕ್ಯಗಳಿದ್ದದ್ದು ನಾಲ್ಕೇ. ಮೂಲಪ್ರತಿಯಲ್ಲಿ ಎರಡು ಸಾಲುಗಳು ‘ಅಮ್ಮ’ ಎಂದೇ ಶುರುವಾಗುತ್ತಿದ್ದವು. ಅಕ್ಷರ ಜೋಡಿಸಿದವರ ಕಣ್ಣು ಒಂದನ್ನು ಹಾರಿತು. ಕಣ್ಣಕ್ಕನ ಕಣ್ಣೂ ಅಲ್ಲೇ ಹಾರಿತು. ಓದುವ ದನಿ ಬೇರೆಯದಾಗಿದ್ದರೆ ಬಿಟ್ಟ ಸಾಲು ಕಿವಿಗೆ ಬಡಿಯುತ್ತಿತ್ತು. ನಾಲ್ಕು ಸಾವಿರ ಪ್ರತಿ ಶಾಲೆಗಳಿಗೆ ಹೋಗುವುದರಲ್ಲಿದ್ದವು, ಮೊದಲ ಕಟ್ಟು ಹೋಗಿಯೂ ಆಗಿತ್ತು. ಟೀಚರೊಬ್ಬರು ಕಾಗದ ಬರೆದರು: ಮಕ್ಕಳು ಐದರವರೆಗೆ ಅಂಕಿ ಹಾಕಿಕೊಂಡು, ಐದನೇ ವಾಕ್ಯಕ್ಕಾಗಿ ಪೆನ್ಸಿಲ್ ಹಿಡಿದು ಕಾಯುತ್ತ ಕೂತಿದ್ದರು.

ಆ ಕಾಗದ ಈಗಲೂ ಕಣ್ಣಕ್ಕನ ಮೇಜಿನ ಖಾನೆಯಲ್ಲಿದೆ. “ಬೈದಿದ್ರೆ ಮರೀತಿದ್ದೆ. ಮಕ್ಕಳು ಕಾದ್ರು ಅಂತ ಬರೆದಿದ್ದಾರೆ ನೋಡಿ, ಅದು ಹೋಗ್ತಾ ಇಲ್ಲ.” ಉಳಿದ ಪ್ರತಿಗಳಿಗೆಲ್ಲ ಆ ಒಂದು ಸಾಲಿನ ಚೀಟಿಯನ್ನು ಹನ್ನೊಂದು ದಿನ ಕೂತು ಅವರೇ ಅಂಟಿಸಿದರು.

ಅಚ್ಚುಮನೆಯ ಯಜಮಾನರು ಕೂಗಾಡುವ ಜಾಯಮಾನದವರಲ್ಲ. “ನಿಮ್ಮ ಮೇಲೆ ಸಿಟ್ಟಿಲ್ಲಮ್ಮ. ಇಬ್ಬರ ಕೆಲಸ ಒಬ್ಬರು ಮಾಡಿದ್ರೆ ಆಗೋದೇ ಹೀಗೆ,” ಎಂದರು. “ಮರುಮುದ್ರಣದಲ್ಲೂ ಒಂದು ಸಾಲು ತಪ್ಪಿದ್ರೆ ಈ ಕೋಣೆ ಮುಚ್ಚಿಬಿಡೋಣ. ಕರಡು ಹೊರಗಡೆ ಕಳಿಸ್ತೀನಿ. ನೀವು ಬೈಂಡಿಂಗ್ ಕಡೆ ಬಂದುಬಿಡಿ.” ಬೈಂಡಿಂಗ್‌ನಲ್ಲೂ ಕೂಲಿ ಅಷ್ಟೇ, ಕೂರಲು ಜಾಗವೂ ಇದೆ. ಆದರೆ ಅಲ್ಲಿ ಓದುವುದಿಲ್ಲ, ಹಾಳೆ ಮಡಚುವುದಷ್ಟೇ.

ಮರುದಿನ ಭಾನುವಾರ. ಕಣ್ಣಕ್ಕ ಬಾಯಕ್ಕನ ಮನೆಗೆ ಹೋದರು. ಹೋಗದೆ ನಾಲ್ಕು ತಿಂಗಳಾಗಿತ್ತು. “ಮಾತು ಹೋದವಳ ಮುಂದೆ ಕೂತು ನಾನೇನು ಆಡ್ಲಿ? ಇಪ್ಪತ್ತೊಂದು ವರ್ಷ ಎದುರುಬದುರು ಕೂತಿದ್ವಿ, ಆಡಿದ್ದೆಲ್ಲ ಬೇರೆಯವರು ಬರೆದ ಮಾತೇ. ನಮ್ಮದು ಅಂತ ಆಡಿದ್ದು ಎಷ್ಟಿದೆಯೋ.” ಬಾಗಿಲು ತೆಗೆದ ಬಾಯಕ್ಕನ ಕೊರಳಿಗೆ ಶಾಲು, ಕೈಯಲ್ಲಿ ಸ್ಲೇಟು. ‘ಯಾಕೆ ಬರಲಿಲ್ಲ’ ಎಂದು ಬರೆದು ಎತ್ತಿ ಹಿಡಿದರು. ಕಣ್ಣಕ್ಕನ ಕೈ ತನ್ನಷ್ಟಕ್ಕೆ ಬಳಪ ತೆಗೆದುಕೊಂಡು ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿತು. ಬಾಯಕ್ಕನ ಭುಜ ಕುಲುಕಿತು. ದನಿಯಿಲ್ಲದ ಆ ನಗು ನಿಲ್ಲುವ ಹೊತ್ತಿಗೆ ಇಬ್ಬರ ಕಣ್ಣೂ ಒದ್ದೆ.

ಕಣ್ಣಕ್ಕ ನಡೆದದ್ದನ್ನೆಲ್ಲ ಹೇಳಿದರು. ಬಾಯಕ್ಕ ಸ್ಲೇಟು ಒರೆಸಿ ಬರೆದರು: ‘ನೀನು ಓದು ನಾನು ನೋಡ್ತೀನಿ.’

ಹಾಗೆ ಈ ತಿಂಗಳ ಎರಡನೇ ವಾರದಿಂದ ಎದುರು ಕುರ್ಚಿ ತುಂಬಿದೆ. ಆಸ್ಪತ್ರೆಯಲ್ಲಿ ದಾದಿಯಾಗಿರುವ ಮಗಳು ಬೆಳಗಿನ ಪಾಳಿಗೆ ಹೋಗುವಾಗ ತಾಯಿಯನ್ನು ಬಿಟ್ಟುಹೋಗುತ್ತಾರೆ. ಮೂಲಪ್ರತಿ ಈಗ ಕಣ್ಣಕ್ಕನ ಕೈಯಲ್ಲಿ, ಕರಡು ಬಾಯಕ್ಕನ ಮುಂದೆ. ತಪ್ಪು ಕಂಡರೆ ಬಾಯಕ್ಕ ಪೆನ್ಸಿಲಿನಿಂದ ಮೇಜು ತಟ್ಟುತ್ತಾರೆ. ಒಂದು ತಟ್ಟು ನಿಲ್ಲು ಎಂದು, ಎರಡು ತಟ್ಟು ಮತ್ತೆ ಓದು ಎಂದು. ಮೊದಲ ದಿನ ಕಣ್ಣಕ್ಕ ಮೂರನೇ ಸಾಲಿಗೇ ಓದು ನಿಲ್ಲಿಸಿದರು. “ಇಷ್ಟು ವರ್ಷ ಕೇಳಿಸಿಕೊಂಡವಳೇ ಹೊರತು, ಕೇಳೋರಿಗೆ ಅಂತ ಓದಿದವಳಲ್ಲ. ನನ್ನ ದನಿ ನನಗೇ ಗುರುತು ಸಿಗ್ಲಿಲ್ಲ.” ಬಾಯಕ್ಕ ಮೇಜು ತಟ್ಟಿದರು, ಎರಡು ಸಲ.

ಮರುಮುದ್ರಣಕ್ಕೆಂದು ಹೊಸದಾಗಿ ಜೋಡಿಸಿದ ಕರಡಿನಲ್ಲಿ ಎರಡು ವಾರದಲ್ಲಿ ಸಿಕ್ಕ ತಪ್ಪು ಮೂವತ್ತೇಳು. ಅದರಲ್ಲಿ ಎರಡು ಕಡೆ ಸಾಲೇ ಹಾರಿತ್ತು. ಎರಡೂ ಸಲ ಪೆನ್ಸಿಲ್ ಮೇಜಿಗೆ ಬಿದ್ದದ್ದು ಕಣ್ಣಕ್ಕ ಆ ಸಾಲಿನ ಮೊದಲ ಪದ ಮುಗಿಸುವ ಮೊದಲೇ.

ನಿನ್ನೆ ಬೆಳಿಗ್ಗೆ ಏಳೂಮುಕ್ಕಾಲಿಗೆ ಕೊನೆಯ ಪುಟ ಮುಗಿಯಿತು. ಯಜಮಾನರು ಕರಡು ತಿರುವಿಹಾಕಿ, ಅಭ್ಯಾಸದ ಪುಟದಲ್ಲಿ ಬೆರಳಿಟ್ಟು ವಾಕ್ಯಗಳನ್ನು ಎಣಿಸಿ, ಅಚ್ಚಿಗೆ ಕಳಿಸಿದರು. “ಕೋಣೆ ಇರ್ಲಿ ಬಿಡಿ,” ಎಂದಷ್ಟೇ ಹೇಳಿ ಹೋದರು. ಇಂದಿನಿಂದ ದಾದಿ ಮಗಳ ಪಾಳಿ ಮಧ್ಯಾಹ್ನಕ್ಕೆ ಬದಲಾಗಿದೆ. ಆ ಹೊತ್ತಿನಲ್ಲಿ ಈ ಕೋಣೆಯಲ್ಲಿ ಯಂತ್ರದ ಸದ್ದು ಬಿಟ್ಟು ಬೇರೇನೂ ಕೇಳದು. ಬೆಳಗಿನ ಕತ್ತಲಲ್ಲಿ ಬಾಯಕ್ಕನನ್ನು ಒಬ್ಬರನ್ನೇ ಕಳಿಸಲು ಮಗಳಿಗೆ ಮನಸ್ಸಿಲ್ಲ. ಅದು ನಿನ್ನೆಯೇ ಇಬ್ಬರಿಗೂ ಗೊತ್ತಿತ್ತು. ಹೊರಡುವಾಗ ಬಾಯಕ್ಕ ತಮ್ಮ ಪೆನ್ಸಿಲನ್ನು ಮೇಜಿನ ಆಚೆ ಬದಿಯಲ್ಲೇ ಇಟ್ಟು ಹೋದರು.

ಇಂದು ಕಣ್ಣಕ್ಕ ಎಂದಿನಂತೆ ಐದೂವರೆಗೆ ಬಂದಿದ್ದಾರೆ. ಮುಂದಿರುವುದು ಹೊಸ ಪುಸ್ತಕದ ಕರಡು. ಎಡಗೈ ಮೂಲಪ್ರತಿಯ ಮೇಲೆ, ಬಲಗೈ ಕರಡಿನ ಮೇಲೆ. ಸಾಲೊಂದು ಮುಗಿದಾಗ ಒಂದು ಗಳಿಗೆ ತಡೆದು, ಎದುರು ಕುರ್ಚಿಯತ್ತ ಕಿವಿಗೊಟ್ಟು, ಮತ್ತೆ ಅದೇ ಸಾಲನ್ನು ಮೊದಲಿಂದ ಓದುತ್ತಾರೆ. ಹೀಗಾದರೆ ದಿನಕ್ಕೆ ಹದಿನಾರು ಪುಟವೂ ಆಗುವುದಿಲ್ಲ. ಎಂಟಕ್ಕೆ ಪಕ್ಕದ ಕೋಣೆಯ ಯಂತ್ರ ಗುಡುಗುತ್ತದೆ. ವ್ಯಾಕರಣ ಪುಸ್ತಕದ ಮೊದಲ ಹಾಳೆಗಳು ಬೀಳುತ್ತಿವೆ. ಕಣ್ಣಕ್ಕ ಎದ್ದು ಹೋಗಿ ಅಭ್ಯಾಸದ ಪುಟವಿರುವ ಹಾಳೆಯೊಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಮಸಿ ಇನ್ನೂ ಹಸಿ.

“ಐದನೇದು ಇದೆ,” ಎನ್ನುತ್ತಾರೆ, ಯಾರಿಗೂ ಕೇಳದ ಆ ಗದ್ದಲದಲ್ಲಿ. “ಈ ಸಲ ಮಕ್ಕಳು ಕಾಯೋದು ಬೇಡ.”