ಪೀರ್ ಪಾಷಾ ವಿಮಾನ ನಿಲ್ಲಿಸಿದ್ದು

ಬಣಕಲ್ಲಿನಲ್ಲಿ ಬಸ್ಸು ತಡೆದು ನಿಲ್ಲಿಸುವುದರಲ್ಲಿ ಪೀರ್ ಪಾಷಾನನ್ನು ಮೀರಿಸುವವರಿರಲಿಲ್ಲ. ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಅವನು, ಯಾರಾದರೂ ತಡವಾಗಿ ಓಡಿಬರುವುದು ಕಂಡರೆ ಸ್ಪ್ಯಾನರ್ ಕೆಳಗಿಟ್ಟು ಹೋಗಿ, ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಇನ್ನೊಂದು ನೆಲದ ಮೇಲೆ ಊರಿ ನಿಲ್ಲುತ್ತಿದ್ದ. ಹತ್ತಿದವನೂ ಅಲ್ಲ, ಇಳಿದವನೂ ಅಲ್ಲ. ಕಂಡಕ್ಟರು ಸೀಟಿ ಊದುವ ಹಾಗಿಲ್ಲ. “ನಮ್ಮೋರೊಬ್ರು ಬರ್ತಿದ್ದಾರೆ” ಎಂಬುದೊಂದೇ ಮಾತು.

ಮುಂದೆ ಮಸ್ಕತ್ತಿನ ವರ್ಕ್‌ಶಾಪೊಂದಕ್ಕೆ ಸೇರಿದ ಅವನೂ ಗೆಳೆಯ ಮೊಯ್ದುವೂ ೧೯೮೩ರಲ್ಲಿ ಅಲ್ಲಿಂದ ರಜೆಗೆ ಹೊರಟರು. ಮರುದಿನ ಮೊಯ್ದುವಿನ ತಂಗಿ ಮರಿಯಂಳ ನಿಕಾಹ್. ತಂದೆಯಿಲ್ಲದ ಹುಡುಗಿ, ಅಣ್ಣನೇ ಖಾಜಿಯವರ ಮುಂದೆ ಕೂತು ನಿಕಾಹ್ ಮಾಡಿಕೊಡಬೇಕು. ಆದರೆ ವಿಮಾನ ಬೊಂಬಾಯಿಗೆ ತಡವಾಗಿ ಇಳಿಯಿತು. ಮಂಗಳೂರಿಗೆ ಆ ದಿನ ಉಳಿದದ್ದು ಒಂದೇ ವಿಮಾನ, ಅದೂ ಬೇರೆ ನಿಲ್ದಾಣದಿಂದ. ಇತ್ತ ಕಸ್ಟಮ್ಸಿನವರು ಮೊಯ್ದುವಿನ ಪೆಟ್ಟಿಗೆ ಬಿಚ್ಚಿಕೊಂಡು ಕೂತರು.

“ನೀ ಮುಂದೆ ಹೋಗಿ ನಿಲ್ಸು ಮಾರಾಯ, ನಾ ಬಂದೆ” ಎಂದ ಮೊಯ್ದು.

ಪಾಷಾ ನಿಲ್ಲಿಸಿದ. ವಿಮಾನದ ಮುಂದಿನ ಏಣಿಯ ಬುಡದಲ್ಲಿ ಬಲಗಾಲು ಮೊದಲ ಮೆಟ್ಟಿಲ ಮೇಲೆ, ಎಡಗಾಲು ನೆಲದ ಮೇಲೆ; ಭಾರ ಎರಡಕ್ಕೂ ಸಮ. ವಿಮಾನದವರು ಹತ್ತು ಎಂದರು, ಇಳಿ ಎಂದರು. ಏಣಿ ಎಳೆಯಲು ಬಂದವರು ಅವನ ಕಾಲನ್ನೇ ನೋಡುತ್ತ ನಿಂತರು. “ನಮ್ಮೋರೊಬ್ರು ಬರ್ತಿದ್ದಾರೆ ಸಾರ್” ಎಂದು ಪಾಷಾ ತನ್ನ ಉರ್ದುವಿನಲ್ಲಿ ನಯವಾಗಿಯೇ ಹೇಳಿದ. ಪೊಲೀಸರನ್ನು ಕರೆಸುತ್ತೇವೆ ಎಂದರು.

“ಕರ್ಸಿ ಸಾರ್. ಅವ್ರು ಬರೋದ್ರೊಳಗೆ ಮೊಯ್ದು ಬರ್ತಾನೆ.”

ಮೊಯ್ದು ಬಂದಾಗಿತ್ತು. ಕೊನೇ ಗಳಿಗೆಯಲ್ಲಿ ಓಡಿಬಂದವನನ್ನು ಹಿಂಬಾಗಿಲಿನ ಏಣಿಯಿಂದ ಹತ್ತಿಸಿಬಿಟ್ಟಿದ್ದರು. ಪಾಷಾನ ಸೀಟು ಖಾಲಿ ಇದ್ದದ್ದು ಕಂಡು, ಅವನಿನ್ನೂ ಬಂದಿಲ್ಲವೆಂದುಕೊಂಡ. ಸೀಟಿನ ಮೇಲೆ ಟವೆಲ್ ಹಾಸಿ, ನಡುದಾರಿಯಲ್ಲಿ ಅಡ್ಡ ನಿಂತ. ಬೆಲ್ಟು ಕಟ್ಟಿಕೊಳ್ಳಿ ಎಂದ ಗಗನಸಖಿಗೆ, “ಇಲ್ಲಿ ನಮ್ಮೋರೊಬ್ರು ಬರ್ಬೇಕಮ್ಮ, ಅಲ್ಲೀವರೆಗೆ ಬಿಡ್ಬೇಡಿ” ಎಂದ.

ಆಕೆ ಅವನನ್ನು ಮುಂಬಾಗಿಲಿಗೆ ಕರೆದೊಯ್ದು ಕೆಳಗೆ ತೋರಿಸಿದಳು.

“ಏ ಪಾಷಾ! ಅಲ್ಲೇನ್ ಮಾಡ್ತಿದ್ದೀಯ?”

“ನಿನ್ನನ್ನೇ ಕಾಯ್ತಿದ್ದೀನಿ! ನೀ ಯಾವಾಗ ಹತ್ತಿದ್ಯೋ?”

“ಆಗ್ಲೇ! ನಿನ್ನಿಂದ ಎಲ್ರಿಗೂ ತಡ ಆಯ್ತಲ್ಲೋ, ಹತ್ತು ಮಾರಾಯ!”

ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಟ್ಯಾಕ್ಸಿ ಮಾಡಿ, ಚಾರ್ಮಾಡಿ ಘಾಟಿ ಹತ್ತಿ, ಕತ್ತಲಾಗುವ ಮೊದಲೇ ಬಣಕಲ್ ಸೇರಿದರು. ಮೊಯ್ದು ಬರದಿದ್ದರೆ ಚಿಕ್ಕಪ್ಪ ಕೂರಲಿ ಎಂದು ಹಿರಿಯರು ಮಾತಾಡಿಕೊಂಡಿದ್ದರು. ಮರಿಯಂ ಒಪ್ಪಿರಲಿಲ್ಲ, ಬೆಳಗ್ಗೆಯಿಂದ ಏನನ್ನೂ ಮುಟ್ಟಿರಲೂ ಇಲ್ಲ. ಅಣ್ಣನ ಮುಖ ಕಂಡೊಡನೆ ತಟ್ಟೆ ಎಳೆದುಕೊಂಡು ಕೂತಳು. ಪಾಷಾ ಏಣಿಯ ಕಥೆ ಹೇಳಿ ಮುಗಿಸುವಷ್ಟರಲ್ಲಿ ಅವಳು ಎರಡು ಸಲ ಅನ್ನ ಬಡಿಸಿಕೊಂಡಿದ್ದಳು.