ಮಾರಾಟಕ್ಕಿಲ್ಲದ ಬಿಲ್ಲು

‘ಮಾರಾಟಕ್ಕಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದ ವಸ್ತುವಿಗೆ ನಾನು ಚೌಕಾಸಿ ಮಾಡಿದ್ದೇನೆ. ನಗಬೇಡಿ. ಗಾಂಧಿಬಜಾರಿನಲ್ಲಿ ಬೆಳೆದವಳಿಗೆ ‘ಕೊಡೋದಿಲ್ಲ’ ಎಂದರೆ ‘ಇನ್ನೊಂಚೂರು ಕೇಳಿ ನೋಡಿ’ ಎಂದೇ ಅರ್ಥ.

ಇದು ಇಲ್ಲಿ ವರ್ಜೀನಿಯಾದ ಫೇರ್‌ಫ್ಯಾಕ್ಸಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ನಡೆದದ್ದು. ಶನಿವಾರ ಬೆಳಿಗ್ಗೆ ಒಂದು ಮನೆಯ ಗರಾಜಿನ ಬಾಗಿಲು ತೆರೆದಿತ್ತು, ಮನೆಯ ಹಳೆ ಸಾಮಾನು ಮಾರುವ ಗರಾಜ್ ಸೇಲ್. ಹಳೆಯ ಟೋಸ್ಟರ್, ಹಡಗಿನ ಚಿತ್ರವಿರುವ ತಟ್ಟೆಗಳು, ಕಾಲು ಅಲ್ಲಾಡುವ ಒಂದು ಕುರ್ಚಿ. ಹಿಂದಿನ ಗೋಡೆಯ ಮೇಲೆ, ರಸ್ತೆಗೆ ಕಾಣುವ ಹಾಗೆ, ನನಗಿಂತ ಉದ್ದದ ಕರಿಯ ಬಿಲ್ಲು. ಅದರ ಕೆಳಗೆ ಸಾಲಾಗಿ ಬಾಣಗಳು. ಆದರೆ ನನ್ನನ್ನು ಒಳಗೆ ಕರೆದದ್ದು ಬಿಲ್ಲಲ್ಲ, ವಾಸನೆ. ಅಪ್ಪಟ ಕೊಬ್ಬರಿ ಎಣ್ಣೆಯ ವಾಸನೆ. ಟಯರಿನ ವಾಸನೆ ಬರಬೇಕಾದ ಗರಾಜಿನಲ್ಲಿ ನಮ್ಮಮ್ಮ ತಲೆ ಬಾಚುವಾಗಿನ ವಾಸನೆ ಬಂದರೆ ಯಾರು ತಾನೇ ಸುಮ್ಮನೆ ಮುಂದೆ ಹೋಗುತ್ತಾರೆ?

ನನ್ನ ಸ್ಥಿತಿ ನಿಮಗೆ ಗೊತ್ತೇ ಇದೆ. (ನಾವು ಅಮೆರಿಕದ ಕನ್ನಡಿಗರೇ ಓದುವ ಈ ಅಂಕಣದಲ್ಲಿ ಎಷ್ಟು ಸಲ ಅತ್ತಿದ್ದೇನೋ.) ಎರಡು ಸಾವಿರದ ಇಸವಿ ಬಂದ ಕೂಡಲೇ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದಂತೆ. ಅದನ್ನು ತಪ್ಪಿಸಲು ನಮ್ಮವರು ವಾರವಿಡೀ ದೂರದ ಷಾರ್ಲೆಟ್ ನಗರದ ಒಂದು ಬ್ಯಾಂಕಿನಲ್ಲಿರುತ್ತಾರೆ. ಶುಕ್ರವಾರ ಬರುತ್ತಾರೆ, ಶನಿವಾರ ಮಲಗುತ್ತಾರೆ, ಭಾನುವಾರ ಸಂಜೆ ಹೊರಡುತ್ತಾರೆ. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ವಾರದ ದಿನಗಳಲ್ಲಿ ನನ್ನ ಮನೆಯಲ್ಲಿ ಮಾತನಾಡುವುದು ಆನ್ಸರಿಂಗ್ ಮಷೀನ್ ಒಂದೇ. ಅದೂ ನನ್ನದೇ ದನಿಯಲ್ಲಿ.

ಹಾಗಾಗಿ ಗರಾಜ್ ಸೇಲ್ ನನ್ನ ಪಾಲಿಗೆ ಅಂಗಡಿಯಲ್ಲ, ಜಗಲಿ. ಏನೂ ಕೊಳ್ಳದೆ ನಾಲ್ಕು ಮಾತಾಡಿ ಬರಬಹುದು.

ಆ ಮನೆಯ ಯಜಮಾನರು ರೂಬೆನ್ ಅಂಕಲ್. ಫಿಲಿಪೀನ್ಸಿನವರು. ವಯಸ್ಸಿನಲ್ಲಿದ್ದಾಗ ಅಮೆರಿಕದ ಹಡಗುಗಳ ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಊರೂರು ಸುತ್ತಿ, ಕೊನೆಗೆ ಇಲ್ಲಿ ನೆಲೆ ನಿಂತವರು. ಹೆಂಡತಿ ತೀರಿಹೋಗಿದ್ದಾರೆ. ಒಬ್ಬಳೇ ಮಗಳು ಅಟ್ಲಾಂಟಾದಲ್ಲಿ. ನಾನು ಬಿಲ್ಲಿನ ಬೆಲೆ ಕೇಳಿದೆ. ಅವರು ಚೀಟಿ ತೋರಿಸಿದರು. ನಾನು ಬಿಡಲಿಲ್ಲ. ನಾನು ಬೆಲೆ ಹೇಳುತ್ತಲೇ ಹೋದೆ, ಅವರು ನಗುತ್ತಲೇ ಹೋದರು.

“ನೋಡಮ್ಮಾ, ಅಷ್ಟು ಹೊತ್ತು ವಾದ ಮಾಡೋ ಬದಲು ಇದು ಯಾರದು ಅಂತ ಕೇಳಬಾರದಾ?” ಎಂದರು. (ಮಾತು ನಡೆದದ್ದು ಇಂಗ್ಲಿಷಿನಲ್ಲಿ. ನನಗೆ ಅದು ಕನ್ನಡದಲ್ಲೇ ನೆನಪಿದೆ.)

ಕೇಳಿದೆ. ಅಲ್ಲಾಡುವ ಕುರ್ಚಿಯಲ್ಲಿ ಕೂರಿಸಿ ಹೇಳಿದರು. ಅವರ ಅಪ್ಪನದು ಬೆಟ್ಟದ ಬುಡದಲ್ಲಿ ಒಂದು ಚಿಲ್ಲರೆ ಅಂಗಡಿ. ಬೆಟ್ಟದ ಮೇಲೆ ಐಟಾ ಎಂಬ ಬೇಟೆಗಾರರ ಬುಡಕಟ್ಟು. ಅವರಲ್ಲಿ ಕುಲಾಸ್ ಎಂಬವನು ಜೇನು ತಂದು ಉಪ್ಪು ಒಯ್ಯುತ್ತಿದ್ದ. ಯುದ್ಧ ಬಂತು, ಜಪಾನಿನ ಸೈನ್ಯ ಬಂತು. ಇವರ ಮನೆಯವರೆಲ್ಲ ಬೆಟ್ಟಕ್ಕೆ ಓಡಿದರು. ಕುಲಾಸ್ ಇವರನ್ನು ಅಡಗಿಸಿಟ್ಟು, ಯುದ್ಧ ಮುಗಿಯುವ ತನಕ ಬೇಟೆಯಾಡಿ ಅನ್ನ ಹಾಕಿದ. ಕೆಳಗಿಳಿದು ಬರುವ ದಿನ ಈ ಬಿಲ್ಲನ್ನೂ ಬಾಣಗಳನ್ನೂ ಅಪ್ಪನ ಕೈಗೆ ಕೊಟ್ಟ. ಅಪ್ಪ ಸಾಯುವಾಗ ಇವರ ಕೈಗೆ ಕೊಟ್ಟರು.

“ವಾಪಸ್ ಕೊಡ್ಬೇಕು ಅಂತ ಆಸೆ ಇತ್ತು. ಕುಲಾಸ್ ಇರಲ್ಲ, ಅವನ ಮೊಮ್ಮಕ್ಕಳಾದ್ರೂ ಇರ್ತಾರಲ್ಲ. ಅಷ್ಟರಲ್ಲಿ ಆ ಬೆಟ್ಟಾನೇ ಜ್ವಾಲಾಮುಖಿಯಾಗಿ ಸಿಡೀತು. ಊರುಗಳೆಲ್ಲ ಬೂದಿ ಅಡಿ ಹೋದ್ವು. ಉಳಿದವರು ಎಲ್ಲೆಲ್ಲಿಗೋ ಹೋದ್ರು. ಯಾರನ್ನ ಅಂತ ಹುಡುಕಲಿ?” ಎಂದರು.

ಮುಂದಿನ ಶನಿವಾರವೂ ಹೋದೆ. ಅದೇ ಟೋಸ್ಟರ್, ಅವೇ ತಟ್ಟೆಗಳು. ಅದರ ಮುಂದಿನ ವಾರವೂ ಅಷ್ಟೆ. ಟೋಸ್ಟರಿಗೆ ಇಟ್ಟ ಬೆಲೆಗೆ ಮಾಲ್‌ನಲ್ಲಿ ಹೊಸದೇ ಬರುತ್ತದೆ. ಯಾರು ಕೊಳ್ಳುತ್ತಾರೆ? ಆಮೇಲೆ ನನ್ನ ಮಂದಬುದ್ಧಿಗೆ ಹೊಳೆಯಿತು. ಕೊಳ್ಳಬಾರದೆಂದೇ ಆ ಬೆಲೆ. ಸಾಮಾನು ಖಾಲಿಯಾದರೆ ಸೇಲ್ ಮುಗಿಯುತ್ತದೆ. ಸೇಲ್ ಮುಗಿದರೆ ಗರಾಜಿನ ಬಾಗಿಲು ಮುಚ್ಚಬೇಕು. ಕಾರುಗಳು ನಿಧಾನ ಮಾಡಿ, ಬಿಲ್ಲು ನೋಡಿ, ಯಾರಾದರೂ ಇಳಿದು ಬರಲಿ ಎಂದು ಅವರು ಕಾಯುತ್ತಿದ್ದರು. ಮಾರುವವರಿಗೂ ಮಾರುವುದು ಬೇಕಿರಲಿಲ್ಲ, ನನಗೂ ಕೊಳ್ಳುವುದು ಬೇಕಿರಲಿಲ್ಲ. ನಮ್ಮ ವ್ಯಾಪಾರ ಸೊಗಸಾಗಿ ಸಾಗಿತು.

ಬಾಣಗಳ ಪರಿಚಯವೂ ಆಯಿತು. ಹಕ್ಕಿಗೆ ಮೂರು ಮುಳ್ಳಿನದು. ಕಾಡುಹಂದಿಗೆ ಬೇರೆಯದು: ಚುಚ್ಚಿದ ಮೇಲೆ ಅದರ ಮೊನೆ ಕಡ್ಡಿಯಿಂದ ಕಳಚಿಕೊಳ್ಳುತ್ತದೆ, ಆದರೆ ಎರಡರ ನಡುವೆ ಒಂದು ದಾರವಿರುತ್ತದೆ. ಹಂದಿ ಓಡಿದಂತೆ ಕಡ್ಡಿ ಹಿಂದಿನಿಂದ ಎಳೆಸಿಕೊಂಡು ಹೋಗಿ ಪೊದೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬಿಲ್ಲಿನ ಮರ ಒಣಗದಿರಲಿ ಎಂದು ಅಂಕಲ್ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಅವರ ಬಾಟಲಿ ಮುಗಿದಾಗ ನನ್ನದನ್ನು ಕೊಟ್ಟೆ.

ಒಮ್ಮೆ ವಾಷಿಂಗ್ಟನ್‌ನಿಂದ ಆಂಟಿಕ್ ವ್ಯಾಪಾರಿಯೊಬ್ಬ ಬಂದ. ಇಸ್ತ್ರಿ ಮಾಡಿದ ಶರ್ಟು, ಕತ್ತಿನಲ್ಲಿ ಭೂತಗನ್ನಡಿ. ಒಳ್ಳೆಯ ಬೆಲೆಯನ್ನೇ ಹೇಳಿದ. ಅಂಕಲ್ ಒಪ್ಪಲಿಲ್ಲ. ಅವನು ಹೋದ ಮೇಲೆ, “ಎಷ್ಟು ಹಳೇದು ಅಂತ ಕೇಳಿದ. ಯಾವ ಮರ ಅಂತ ಕೇಳಿದ. ಯಾರದು ಅಂತ ಕೇಳ್ಲೇ ಇಲ್ಲ,” ಎಂದರು. ಅವತ್ತು ನನಗೆ ಅವರ ಸಂಕಟ ಅರ್ಥವಾಯಿತು. ಅವರ ಜೊತೆಗೆ ಕುಲಾಸನ ಹೆಸರೂ ಹೋಗಿಬಿಡುತ್ತದೆ ಎಂಬ ಭಯ ಅದು.

ಈ ವರ್ಷ ಚಳಿ ಶುರುವಾಗುವ ಮುಂಚೆ ಅಂಕಲ್ ಮೆಟ್ಟಿಲಲ್ಲಿ ಜಾರಿ ಬಿದ್ದರು. ಮಗಳು ಗ್ರೇಸ್ ಅಟ್ಲಾಂಟಾದಿಂದ ಬಂದು, ತನ್ನ ಮನೆಯ ಹತ್ತಿರದ ವೃದ್ಧಾಶ್ರಮವೊಂದರಲ್ಲಿ ರೂಮು ಹಿಡಿದಳು. ಒಳ್ಳೆಯ ಹುಡುಗಿ, ಅಪ್ಪನ ಮೇಲೆ ಪ್ರಾಣ. ಆದರೆ ವೃದ್ಧಾಶ್ರಮದ ನಿಯಮದಲ್ಲಿ ಆಯುಧಗಳಿಗೆ ಪ್ರವೇಶವಿಲ್ಲ. ಬಿಲ್ಲು ಬಾಣ ಆಯುಧವಂತೆ. ಗ್ರೇಸ್ ಮನೆಯಲ್ಲಿ ಓಡಾಡುವ ಎರಡು ಪುಟ್ಟ ಮಕ್ಕಳಿವೆ, ಬಾಣ ಎಂದರೆ ಅವಳಿಗೂ ದಿಗಿಲು. ಯಾರನ್ನು ಬೈಯೋಣ ಹೇಳಿ?

ಹೊರಡುವ ದಿನ ಅಂಕಲ್ ಬಿಲ್ಲನ್ನು ಬಾಣಗಳ ಸಮೇತ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ನನಗೆ ಕೊಟ್ಟರು.

“ಬಂದವರಿಗೆ ಕಾಣೋ ಹಾಗೆ ಹಾಕು. ಕೇಳಿದವರಿಗೆ ಹೇಳು. ಇನ್ನೇನೂ ಬೇಡ.”

ಸೋಫಾದ ಮೇಲಿನ ಗೋಡೆಗೆ ಹಾಕಿದೆ. ನಮ್ಮವರು ಕಣ್ಣುಜ್ಜಿಕೊಂಡು ಬಂದು ನೋಡಿ, “ಇದೇನೇ ಇದು, ಸ್ವಯಂವರ ಗಿಯಂವರ ಇಟ್ಕೊಂಡಿದ್ಯಾ? ನನ್ನನ್ನಂತೂ ಎತ್ತು ಅನ್ಬೇಡ ಮಾರಾಯ್ತಿ,” ಎಂದು ಮತ್ತೆ ಹೋಗಿ ಮಲಗಿದರು.

ಇನ್ನು ಬಂದವರ ಕತೆ ಕೇಳಿ. ಡಿಶ್‌ವಾಶರ್ ರಿಪೇರಿಯವನು ಬಂದ, “ನೈಸ್” ಎಂದ, ಹೋದ. ದೀಪಾವಳಿಗೆ ನಮ್ಮ ಕನ್ನಡದವರು ಮೂರು ಸಂಸಾರ ಊಟಕ್ಕೆ ಬಂದರು. ಬಿಲ್ಲಿನ ಕೆಳಗೇ ಕೂತು ಬಿಸಿಬೇಳೆಬಾತ್ ತಿಂದರು. ಗ್ರೀನ್ ಕಾರ್ಡಿನ ಮಾತು, ಮನೆ ಸಾಲದ ಬಡ್ಡಿಯ ಮಾತು, ಯಾರ ಮಗು ಸ್ಪೆಲಿಂಗ್ ಸ್ಪರ್ಧೆಯಲ್ಲಿ ಗೆದ್ದಿತು ಎಂಬ ಮಾತು. ನಾನು ಬೇಕೆಂದೇ ಗೋಡೆಯ ಕಡೆ ಎರಡು ಸಲ ನೋಡಿದೆ. ಒಬ್ಬರು ನನ್ನ ಕಣ್ಣನ್ನೇ ಹಿಂಬಾಲಿಸಿ ಮೇಲೆ ನೋಡಿದರು. ಈಗ ಕೇಳುತ್ತಾರೆ ಎಂದುಕೊಂಡೆ. “ಇಲ್ಲಿ ಟಿವಿ ಇಟ್ಟಿದ್ರೆ ಚೆನ್ನಾಗಿತ್ತು ನೋಡಿ,” ಎಂದರು.

ನಾವೂ ಊರಿನಿಂದ ಹೊತ್ತು ತಂದದ್ದನ್ನೆಲ್ಲ ಶೋಕೇಸಿನಲ್ಲಿ ತುಂಬಿದ್ದೇವೆ. ಅಜ್ಜಿಯ ಕುಂಕುಮ ಭರಣಿ, ತಾತನ ತಂಬಿಗೆ. ಒಬ್ಬರ ಮನೆಗೆ ಒಬ್ಬರು ಹೋಗುತ್ತೇವೆ, ನೋಡುತ್ತೇವೆ, ಕೇಳುವುದಿಲ್ಲ. ಕೇಳಿದರೆ ಅರ್ಧ ಗಂಟೆ ಕೂರಬೇಕಾಗುತ್ತದೆ ಎಂಬ ಹೆದರಿಕೆಯೋ ಏನೋ.

ಭಾನುವಾರ ಸಂಜೆ ನಮ್ಮವರ ಕಾರು ಹೋದ ಮೇಲೆ ಮನೆ ಬಿಕೋ ಎನ್ನುತ್ತದೆ. ಆ ಹೊತ್ತಿಗೇ ಅಟ್ಲಾಂಟಾದಿಂದ ಫೋನ್ ಬರುತ್ತದೆ. ಅಂಕಲ್ ನನ್ನ ಆರೋಗ್ಯ ಕೇಳುವುದಿಲ್ಲ, ಬಿಲ್ಲಿಗೆ ಎಣ್ಣೆ ಹಚ್ಚಿದೆಯಾ ಎಂದೂ ಕೇಳುವುದಿಲ್ಲ.

“ಯಾರಾದ್ರೂ ಕೇಳಿದ್ರಾ?”

ಮೊದಲ ವಾರವೇ ನನ್ನ ಬಾಯಿಂದ ಸುಳ್ಳು ಬಂದುಬಿಟ್ಟಿತು. ಕೇಳಿದರು ಅಂಕಲ್, ನಮ್ಮವರ ಸ್ನೇಹಿತರು, ರಾವ್ ಅಂತ. ಆ ರಾವ್ ಎಂಬ ಮನುಷ್ಯ ಈ ಭೂಮಿಯ ಮೇಲೆ ಇಲ್ಲ. ಆದರೆ ಆ ಕಡೆಯಿಂದ ಬಂದ ನಗು ಕೇಳಿದ ಮೇಲೆ ಆ ರಾವ್‌ರನ್ನು ಸಾಯಿಸುವ ಧೈರ್ಯ ನನಗಾಗಲಿಲ್ಲ. ಪ್ರತಿ ವಾರ ರಾವ್ ಒಂದು ಹೊಸ ಪ್ರಶ್ನೆ ಕೇಳುತ್ತಾರೆ. ಹೆದೆ ಯಾವ ನಾರಿನದು? ಕುಲಾಸ್ ನೋಡಲು ಹೇಗಿದ್ದ? ಅಂಕಲ್ ಉತ್ಸಾಹದಿಂದ ಉತ್ತರ ಹೇಳುತ್ತಾರೆ. ನಾನು ಈ ಕಡೆ ಗೋಡೆ ನೋಡುತ್ತ ಕೇಳಿಸಿಕೊಳ್ಳುತ್ತೇನೆ. ನಿಜ ಹೇಳಲೇ? ವಾರವೆಲ್ಲ ನಾನು ಕಾಯುವುದೂ ಆ ಫೋನಿಗೇ.

ಹೋದ ಭಾನುವಾರ ಅಂಕಲ್ ದನಿ ತೀರ ಬಡವಾಗಿತ್ತು.

“ಆ ರಾವ್‌ಗೆ ಒಂದು ಮಾತು ಹೇಳ್ತೀಯಾ? ಈ ಕಡೆ ಬಂದ್ರೆ ನನ್ನ ನೋಡ್ಕೊಂಡು ಹೋಗ್ಲಿ. ಕೆಲವು ವಿಷಯ ಫೋನಲ್ಲಿ ಹೇಳೋಕಾಗಲ್ಲ. ಭಾನುವಾರ ಮಧ್ಯಾಹ್ನ ನಾನು ಬಾಗಿಲ ಹತ್ರಾನೇ ಕೂತಿರ್ತೀನಿ.”

ಖಂಡಿತ ಬರ್ತಾರೆ ಅಂಕಲ್, ಎಂದೆ. ಇನ್ನೇನು ಹೇಳಲಿ? ನನಗೆ ಕಾರು ಬಿಡಲು ಬಾರದು, ನಮ್ಮವರಿಗೆ ರಜೆಯಿಲ್ಲ. ವಿಳಾಸ ನನ್ನ ಹತ್ತಿರ ಇದೆ, ಫೋನ್ ಮಾಡಿದರೆ ಕೊಡುತ್ತೇನೆ.

ಅಟ್ಲಾಂಟಾದಲ್ಲಿ ಅಷ್ಟೊಂದು ಜನ ರಾವ್‌ಗಳಿದ್ದೀರಿ, ಯಾರಾದರೂ ಒಬ್ಬರು ಒಂದು ಭಾನುವಾರ ಮಧ್ಯಾಹ್ನ ಅಲ್ಲಿಗೆ ಹೋಗಿ ‘ಆ ಬಿಲ್ಲು ಯಾರದು?’ ಎಂದು ಕೇಳುತ್ತೀರಾ?