ಒಂದು ಬಾಯಿ ಎಲೆಯಡಿಕೆಯ ದೂರ

ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಇರುವ ನಮ್ಮೂರಿನಲ್ಲಿ ದೂರ ಅನ್ನುವುದು ಕೇಳಿದವರ ಮುಖ ನೋಡಿ ಹೇಳುವ ವಿಷಯವಾಗಿತ್ತು. ನೆಂಟರನ್ನು ಸಾಗಹಾಕಬೇಕಿದ್ದರೆ ನರಸೀಪುರ ‘ಇಲ್ಲೇ, ಎರಡು ಪೆಡಲ್ಲು’. ಅವರೇ ಸೈಕಲ್ ಎರವಲು ಕೇಳಿದರೆ ‘ಅಯ್ಯೋ, ಬಲು ದೂರ ಕಣ್ರೀ, ಟೈರು ಸವೆದೋಯ್ತದೆ’. ಮೈಲಿಕಲ್ಲನ್ನು ನಂಬೋಣವೆಂದರೆ ಒಂದರ ಮೇಲೆ ಸಿನಿಮಾ ಪೋಸ್ಟರು, ಇನ್ನೊಂದರ ಮೇಲೆ ಯಾರೋ ಬೆರಣಿ ತಟ್ಟಿದ್ದರು, ಮತ್ತೊಂದು ನಮ್ಮ ದೊಡ್ಡಪ್ಪನ ಹಿತ್ತಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಾಗಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ನರಸೀಪುರದ ಕಾಲೇಜಿಗೆ ಸೇರಬೇಕು. ಬೆಳಗಿನ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಜನ ಜೋತುಬಿದ್ದಿರುತ್ತಿದ್ದರು. ಡ್ರೈವರ್ ನಮ್ಮ ಸ್ಟಾಪಿನತ್ತ ನೋಡುತ್ತಲೂ ಇರಲಿಲ್ಲ. ಉಳಿದದ್ದು ಸೈಕಲ್. ಅಪ್ಪ ಒಪ್ಪಿದರು, ಅಮ್ಮ ಒಪ್ಪಿದಳು. ಒಪ್ಪದವರು ದೊಡ್ಡಪ್ಪ. ಅವರ ಕೈಯಲ್ಲಿ ನಮ್ಮ ಮನೆತನದ ಒಂದು ಕಾನೂನಿತ್ತು: ಮನೆಯ ಹೆಣ್ಣುಮಕ್ಕಳು ಹರದಾರಿಯ ಆಚೆಗೆ ಒಬ್ಬರೇ ಹೋಗಕೂಡದು.

ಹರದಾರಿ ಅಂದರೆ ಹಿಂದಿನವರ ದೂರದ ಲೆಕ್ಕ. ಅದರೊಳಗೆ ಹೊಲ, ಹೊಳೆ, ಪಕ್ಕದೂರಿನ ಅತ್ತೆಯ ಮನೆ ಎಲ್ಲ ಬರುತ್ತಿದ್ದವು. ಕಾಲೇಜು ಬರುತ್ತದೋ ಇಲ್ಲವೋ ಅನ್ನುವುದರ ಮೇಲೆ ನನ್ನ ಹಣೆಬರಹ ನಿಂತಿತ್ತು. ಬರದಿದ್ದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ದೊಡ್ಡಪ್ಪ ಆಗಲೇ ಒಂದು ಗಂಡು ನೋಡಿಟ್ಟಿದ್ದರು. ಆತನಿಗೊಂದು ರೈಸ್ ಮಿಲ್ಲಿತ್ತು, ಒಂದು ಮೀಸೆಯಿತ್ತು; ಹೆಚ್ಚಿನ ವಿವರ ನನಗೆ ಬೇಕಿರಲಿಲ್ಲ.

“ಅಳೆದೇ ಬುಡಾನ” ಎಂದ ದೊಡ್ಡಪ್ಪ ನಂಜನಗೂಡಿನಿಂದ ಸೈಕಲ್ ಮೀಟರೊಂದನ್ನು ತಂದು, ನನ್ನ ಹೊಸ ಲೇಡೀಸ್ ಸೈಕಲ್ಲಿನ ಮುಂದಿನ ಚಕ್ರಕ್ಕೆ ಕಟ್ಟಿಸಿದರು. ಚಕ್ರ ಸುತ್ತಿದಂತೆ ಅದು ಟಿಕ್ ಟಿಕ್ ಅನ್ನುತ್ತ ಅಂಕಿ ತಿರುಗಿಸುತ್ತಿತ್ತು. ಅಪ್ಪನ ಜೊತೆ ನರಸೀಪುರಕ್ಕೆ ಹೋಗಿ ನೋಡಿದರೆ, ದಾರಿಯಲ್ಲಿ ತಲಕಾಡಿಗೊಂದು ಸುತ್ತು ಹಾಕಿ ಬಂದೆವೇನೋ ಅನ್ನುವಷ್ಟು ದೂರ ತೋರಿಸಿತು. ಅಪ್ಪ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಅವರಿಗೆ ಕೂಡಲೇ ವಾಸನೆ ಬಡಿಯಿತು. ಅದು ಗಂಡಸರ ಸೈಕಲ್ಲಿನ ದೊಡ್ಡ ಚಕ್ರಕ್ಕೆಂದು ಮಾಡಿದ ಮೀಟರು. ನನ್ನ ಪುಟ್ಟ ಚಕ್ರದ ಒಂದೊಂದು ಸುತ್ತನ್ನೂ ದೊಡ್ಡ ಸುತ್ತೆಂದೇ ಲೆಕ್ಕ ಹಿಡಿಯುತ್ತಿತ್ತು.

“ಮಿಷನ್ನು ಸುಳ್ಳೇಳ್ತದೇನ್ಲಾ?” ಎಂದರು ದೊಡ್ಡಪ್ಪ.

ಅಪ್ಪನಿಗೆ ರೋಷ ಬಂತು. ನನ್ನ ಚಕ್ರಕ್ಕೆ ದಾರ ಸುತ್ತಿ ಅಳೆದರು. ಕಡ್ಡಿಯೊಂದಕ್ಕೆ ಕೆಂಪು ಚಿಂದಿ ಕಟ್ಟಿ, ಅದು ಮೇಲೆ ಬಂದಾಗಲೆಲ್ಲ ಎಣಿಸಬೇಕೆಂದರು. ನೂರಾದಾಗ ನಾನು ಕೂಗಬೇಕು, ಪಕ್ಕದಲ್ಲಿ ಸೈಕಲ್ ತುಳಿಯುವ ಅವರು ಒಂದು ಹುಣಸೆ ಬೀಜವನ್ನು ಎಡಜೇಬಿನಿಂದ ಬಲಜೇಬಿಗೆ ಹಾಕಬೇಕು. ಎದುರು ಸಿಕ್ಕವರೆಲ್ಲ “ಏನ್ಸಾ, ಮಗಳ್ಗೆ ರೋಡಲ್ಲೇ ಮಗ್ಗಿ ಏಳ್ಕೊಡ್ತಿದ್ದೀರಾ?” ಎಂದು ನಗುತ್ತಿದ್ದರು. ಮನೆಗೆ ಬಂದು ಬೀಜ ಎಣಿಸಿ, ಗುಣಿಸಿ, ಭಾಗಿಸಿ, ಅಪ್ಪ ಗೆದ್ದವರ ಹಾಗೆ ಘೋಷಿಸಿದರು: “ಐದು ಮೈಲಿ ಚಿಲ್ಲರೆ. ಅಷ್ಟೇ!”

“ಸರಿ. ಹರದಾರಿಗೆ ಎಷ್ಟು ಮೈಲಿ ಮೇಷ್ಟ್ರೇ?” ದೊಡ್ಡಪ್ಪ ತಣ್ಣಗೆ ಕೇಳಿದರು.

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಮೂರು” ಎಂದರು.

ಆ ಗಳಿಗೆಯಲ್ಲಿ ಅಪ್ಪನ ಮೇಲೆ ಬಂದಷ್ಟು ಸಿಟ್ಟು ನನಗೆ ರೈಸ್ ಮಿಲ್ಲಿನ ಮೀಸೆಯ ಮೇಲೂ ಬಂದಿರಲಿಲ್ಲ. ಊರಿಗೆಲ್ಲ ಲೆಕ್ಕ ಕಲಿಸಿದ ಮನುಷ್ಯ ಸ್ವಂತ ಮಗಳ ಕಾಲೇಜನ್ನು ಹುಣಸೆ ಬೀಜದಲ್ಲಿ ಮುಗಿಸಿಬಿಟ್ಟರು. ನಾನು ಅಳುತ್ತ ಒಳಗೆ ಹೋಗುವುದರಲ್ಲಿದ್ದೆ. ಅಲ್ಲಿಯವರೆಗೆ ಜಗುಲಿಯಲ್ಲಿ ಅಡಿಕೆ ಕುಟ್ಟುತ್ತಿದ್ದ ಅಜ್ಜಿ, ಅಂದರೆ ಈ ಇಬ್ಬರು ಗಂಡಸರ ತಾಯಿ, ಬಾಯಿ ಹಾಕಿದಳು.

“ಬುಕ್ಕಿನ ಅರದಾರಿ ಯಾವನಿಗ್ಲಾ ಬೇಕು? ಈ ಮನೇಲಿ ಅರದಾರಿ ಅಂದ್ರೆ ಒಂದ್ ಬಾಯಿ ಎಲೆಯಡ್ಕೆ. ಬಾಯಿಗಾಕ್ಕಂಡು ಒಂಟ್ರೆ, ಅದ ಉಗಿಯೋ ಜಾಗದಗಂಟ. ನಮ್ಮತ್ತೆ ನಂಗೆ ಏಳಿದ್ದು ಅಂಗೇ.”

ದೊಡ್ಡಪ್ಪನಿಗೆ ಒಳಗೊಳಗೇ ಖುಷಿ. ನಡೆದು ಹೋಗುವವರ ಬಾಯಲ್ಲಿ ಎಲೆಯಡಿಕೆ ಊರಾಚೆಯ ಹುಣಸೆ ತೋಪಿನವರೆಗೂ ಬಾಳುವುದಿಲ್ಲ. “ಆಯ್ತು ಕಣವ್ವ, ನೀನೇ ಅಳೆದು ಏಳು. ನಿನ್ ಮಾತೇ ಕೊನೆ” ಎಂದರು.

ಮರುದಿನ ಬೆಳಿಗ್ಗೆ ಅಜ್ಜಿ ಅಪ್ಪನ ಸೈಕಲ್ಲಿನ ಕ್ಯಾರಿಯರಿನ ಮೇಲೆ ಗೋಣಿಚೀಲ ಮಡಿಸಿ ಹಾಕಿಸಿ ಹತ್ತಿ ಕೂತಳು.

“ನಡ್ಕಂಡೋಗಲ್ವೇನವ್ವ?” ದೊಡ್ಡಪ್ಪ ಗಾಬರಿಯಾದರು.

“ಮೊಗ ಕಾಲೇಜ್ಗೆ ನಡ್ಕಂಡೋಗದಾ, ಸೈಕಲ್ನಲ್ಲಿ ಓಗದಾ?”

ದಿನಾ ಕುಟ್ಟಿ ಪುಡಿ ಮಾಡಿ ತಿನ್ನುವವಳು ಅವತ್ತು ಗೋಟಡಿಕೆಯನ್ನೇ ಬಾಯಿಗೆಸೆದಳು. ಅಂಗೈಯಗಲದ ಎಲೆಗಳಿಗೆ ಗೋಡೆಗೆ ಬಳಿಯುವ ಹಾಗೆ ಸುಣ್ಣ ಬಳಿದು, ಮಡಿಸಿ, ಎಲ್ಲವನ್ನೂ ಎಡಗೆನ್ನೆಗೆ ತುರುಕಿದಳು. ಅಪ್ಪ ತುಳಿದರು. ಹಿಂದೆ ನನ್ನ ಸೈಕಲ್ಲು, ಪಕ್ಕದಲ್ಲಿ ಮೊಪೆಡ್ಡಿನ ಮೇಲೆ ದೊಡ್ಡಪ್ಪ. ತೋಪು ದಾಟಿದರೂ ಅಜ್ಜಿ ಉಗಿಯದಿದ್ದಾಗ ಅವರು ಅವಳನ್ನು ಮಾತಿಗೆಳೆಯಲು ಶುರುಮಾಡಿದರು.

“ಅವ್ವಾ, ನಿನ್ ತಮ್ಮನ ಮನೆ ಮದ್ವೇಲಿ ಪಾಯಸ ಅಲ್ಲ ಕಣವ್ವ, ಬರೀ ನೀರು!”

ತಮ್ಮನನ್ನು ಆಡಿಕೊಂಡರೆ ಅಜ್ಜಿ ದೇವರನ್ನೂ ಬಿಡುವವಳಲ್ಲ. ಅವಳ ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರು ಬಂತು. ಆದರೆ ಬಾಯಿ ತೆರೆಯಲಿಲ್ಲ. ಅಪ್ಪನ ಬೆನ್ನಿಗೆ ಗುದ್ದಿ, ಬೇಗ ತುಳಿ ಎಂದು ಸನ್ನೆ ಮಾಡಿದಳು. ಅವಳು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನನಗೆ ನಗು ಬರುತ್ತಿತ್ತು, ಜೊತೆಗೆ ಎಲ್ಲಿ ಉಗಿದುಬಿಡುತ್ತಾಳೋ ಎಂದು ಭಯವೂ ಆಗುತ್ತಿತ್ತು.

ಕಾಲೇಜಿನ ಗೇಟಿನ ಮುಂದೆ ಅಜ್ಜಿ ಇಳಿದಳು. ಸೊಂಟ ಹಿಡಿದುಕೊಂಡು ಚರಂಡಿಯವರೆಗೆ ನಡೆದು, ಊರಿಗೆಲ್ಲ ಕೇಳುವ ಹಾಗೆ ಉಗಿದಳು.

“ಇದೇ ಅರದಾರಿ” ಎಂದಳು.

“ಇಷ್ಟೊತ್ತೂ ಬಾಯಲ್ಲಿ ಇತ್ತೇನವ್ವ?”

“ಬಗ್ಗಿ ನೋಡ್ಲಾ ಬೇಕಾದ್ರೆ.”

ದೊಡ್ಡಪ್ಪ ಬಗ್ಗಲಿಲ್ಲ. ತನ್ನ ಮಾತೇ ಕೊನೆ ಎಂದು ಅವರೇ ಹೇಳಿದ್ದನ್ನು ಅಜ್ಜಿ ಮರಳುವ ದಾರಿಯುದ್ದಕ್ಕೂ ನೆನಪಿಸುತ್ತ, ತಮ್ಮನ ಮನೆಯ ಪಾಯಸದ ಲೆಕ್ಕವನ್ನೂ ಚುಕ್ತಾ ಮಾಡುತ್ತ ಬಂದಳು. ಅದೇ ವಾರ ನಾನು ಕಾಲೇಜಿಗೆ ಸೇರಿದೆ. ರೈಸ್ ಮಿಲ್ಲು ಬೇರೆ ಯಾರ ಪಾಲಿಗೋ ಹೋಯಿತು.

ಆದರೆ ಅವತ್ತಿನಿಂದ ಅಜ್ಜಿ ಬಿಸಿ ಸಾರು ಮುಟ್ಟದಾದಳು. ಮಜ್ಜಿಗೆ ಅನ್ನ ಮಾತ್ರ. ಅಮ್ಮನ ಸಾರಿಗೆ ಕಾರ ಜಾಸ್ತಿ ಎಂದು ಊರೆಲ್ಲ ಸಾರಿದಳು. ಅಮ್ಮ ಪಾಪ, ಮೆಣಸಿನಕಾಯಿ ಕಡಿಮೆ ಮಾಡುತ್ತಲೇ ಹೋದಳು. ಸಾರು ಬಾಯಿಗಿಡಲು ಆಗದಷ್ಟು ಸಪ್ಪೆಯಾಯಿತು. ಒಂದು ಸಂಜೆ ಜಗುಲಿಯಲ್ಲಿ ಅಜ್ಜಿ ಆಕಳಿಸಿದಾಗ ನೋಡಿದೆ. ಎಡಗೆನ್ನೆಯ ಒಳಗೆಲ್ಲ ಸುಣ್ಣಕ್ಕೆ ಬೆಂದು, ಬೆಳ್ಳಗೆ ಪೊರೆ ಎದ್ದಿತ್ತು.

“ಅಜ್ಜೀ, ನಿನ್ನ ಬಾಯಿ ಪೂರ್ತಿ ಸುಟ್ಟೋಗಿದೆ!” ಎಂದು ಕೂಗಿಕೊಂಡೆ.

ಅವಳು ನನ್ನ ಬಾಯಿ ಮುಚ್ಚಿ, ದೊಡ್ಡಪ್ಪನ ಮನೆಯ ಕಡೆ ನೋಡಿ ಪಿಸುಗುಟ್ಟಿದಳು: “ಸುಮ್ಕಿರು ಮೊಗ. ಅವ ಕೇಳುಸ್ಕಂಡ್ರೆ, ಇನ್ನೊಂದ್ಸಲ ಅಳೆ ಅಂತಾನೆ.”